ಈರ್ ಮತ್ತು ನಿಕುಲು: ಗುರುತಿಲ್ಲದವರ ಜೊತೆ ವಾದಕ್ಕೆ ಕೂತಾಗ

ಕನ್ನಡದ ‘ನೀವು’ ಎಂಬ ಮಾತಿಗೆ ಎರಡು ಕೆಲಸ. ಎದುರಿಗಿರುವ ಒಬ್ಬರಿಗೆ ಮರ್ಯಾದೆ ಕೊಡುವುದಕ್ಕೂ ಅದೇ, ಅವರನ್ನು ಒಂದು ಗುಂಪಿನೊಳಗೆ ತಳ್ಳಿ ಮಾತಾಡುವುದಕ್ಕೂ ಅದೇ. ತುಳುವಿನಲ್ಲಿ ಹಾಗಲ್ಲ. ಒಬ್ಬರಿಗೆ ಮರ್ಯಾದೆಯಿಂದ ‘ಈರ್’, ಹಲವರಿಗೆ ‘ನಿಕುಲು’. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಉಡುಪಿಗೆ ಹೊರಟ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಕ್ಕದ ಸೀಟಿನವರ ಜೊತೆ ರಾಜಕೀಯದ ಮಾತು ಶುರುವಾದರೆ ಮೊದಲಿಗೆ ಎಲ್ಲ ‘ಈರ್’ ಎಂದೇ ಸಾಗುತ್ತದೆ. ಎಲ್ಲೋ ಒಂದು ವಾಕ್ಯದಲ್ಲಿ ‘ನಿಕುಲು’ ನುಸುಳುತ್ತದೆ. ಆ ಕ್ಷಣದಿಂದ ಎದುರಿಗಿದ್ದ ಮನುಷ್ಯ ಕಾಣುವುದಿಲ್ಲ. ಅವರ ಜಾತಿ, ಧರ್ಮ, ಪಕ್ಷ, ಅವರು ಓಟು ಹಾಕಿರಬಹುದಾದ ನಾಯಕ, ಇಷ್ಟೇ ಕಾಣುತ್ತವೆ. ಕನ್ನಡದಲ್ಲಿ ಇದೇ ಜಾರುವಿಕೆ ನಡೆಯುತ್ತದೆ, ಆದರೆ ‘ನೀವು’ ಎರಡನ್ನೂ ಮುಚ್ಚಿಡುವುದರಿಂದ ಕಿವಿಗೆ ಬೀಳುವುದಿಲ್ಲ. ಆಡಿದವರಿಗೇ ಗೊತ್ತಾಗುವುದಿಲ್ಲ. ಕೇಳಿದವರಿಗೆ ಮಾತ್ರ ತಕ್ಷಣ ಗೊತ್ತಾಗುತ್ತದೆ.

ತುಳುವಿನಲ್ಲಿ ಇನ್ನೊಂದು ಜೋಡಿ ಉಂಟು. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’, ಅವರನ್ನು ಹೊರಗಿಟ್ಟರೆ ‘ಎಂಕುಲು’. ಈಗಿನ ಕನ್ನಡದ ‘ನಾವು’ ಈ ಭೇದ ಮಾಡುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ವಾದಿಸುವವರು ಒಂದು ಅಭ್ಯಾಸ ಇಟ್ಟುಕೊಳ್ಳಬೇಕು: ‘ನೀವು’, ‘ನಾವು’ ಎಂದಾಗಲೆಲ್ಲ ಅದನ್ನು ಮನಸ್ಸಿನಲ್ಲೇ ತುಳುವಿಗೆ ತಿರುಗಿಸಿ ನೋಡುವುದು. ತುಳು ಬಾರದವರು ‘ನೀವು’ ಬದಲು ‘ನಿಮ್ಮವರು’ ಎಂದು ಹಾಕಿ ನೋಡಿದರೂ ಆದೀತು. ವಾಕ್ಯದ ಅರ್ಥ ಬದಲಾಗದಿದ್ದರೆ ಆಗಲೇ ದಾರಿ ತಪ್ಪಿದೆ ಎಂದು ತಿಳಿಯಬೇಕು.

ಗುರುತಿಲ್ಲದವರ ಜೊತೆಗಿನ ವಾದ ಒಂದೇ ಒಂದು ಸಣ್ಣ ಪ್ರಶ್ನೆಯ ಭಾರ ಹೊರುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಅಣ್ಣತಮ್ಮಂದಿರ ನಡುವೆ, ಹಳೇ ಗೆಳೆಯರ ನಡುವೆ ಇಪ್ಪತ್ತು ವರ್ಷದ ಒಡನಾಟ ಇರುತ್ತದೆ. ಇವತ್ತು ಜಗಳವಾದರೆ ನಾಳೆ ಮನೆಗೆ ಹೋಗಿ ಸರಿಮಾಡಿಕೊಳ್ಳಬಹುದು. ಬಸ್ಸಿನಲ್ಲಿ ಸಿಕ್ಕವರ ಜೊತೆ ಆ ನಾಳೆ ಇಲ್ಲ. ಮೀಸಲಾತಿ, ಗೋಹತ್ಯೆ, ಮತಾಂತರ, ಭಾಷೆ, ಎಲ್ಲವನ್ನೂ ಸುಮಾರು 60 ಕಿ.ಮೀ. ದಾರಿಯೊಳಗೆ ಹೇರಿದರೆ ಯಾವುದೂ ಮುಗಿಯದೆ ಎಲ್ಲವೂ ಕಹಿಯಾಗಿ ಉಳಿಯುತ್ತದೆ. ಇಲ್ಲಿ ಬೇಕಾದದ್ದು ಗೆಲ್ಲುವ ಕಲೆಗಿಂತ ಹೆಚ್ಚಾಗಿ ಪ್ರಶ್ನೆಯನ್ನು ಚಿಕ್ಕದು ಮಾಡುವ ಕಲೆ.

ಈ ಕಲೆಗೆ ನಮ್ಮ ಜಿಲ್ಲೆಗಳಲ್ಲೇ ಶಾಲೆ ಇದೆ. ಯಕ್ಷಗಾನದ್ದೇ ಇನ್ನೊಂದು ರೂಪವಾದ ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪದ್ಯ ಹಾಡುವ ಭಾಗವತರು, ಚೆಂಡೆ, ಮದ್ದಳೆ, ಪಾತ್ರಗಳಾಗಿ ಮಾತಾಡಲು ಎದುರುಬದುರು ಕೂತ ಅರ್ಥಧಾರಿಗಳು. ಪದ್ಯ ಮುಗಿದ ಮೇಲೆ ಮಾತು ಅವರದ್ದು, ಅದೂ ಬರೆದಿಟ್ಟದ್ದಲ್ಲ, ಆಗಲೇ ಹುಟ್ಟಿದ್ದು. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು. ವಾಲಿ ಸಾಯುತ್ತಾನೆ ಎಂಬುದು ಸಭೆಗೆ ಗೊತ್ತು. ಯಾರ ಮಾತಿನಿಂದಲೂ ಕತೆ ಬದಲಾಗುವುದಿಲ್ಲ. ಆದರೂ ಜನ ಗಂಟೆಗಟ್ಟಲೆ ಕೂರುತ್ತಾರೆ, ಪ್ರಶ್ನೆಯ ತೂಕಕ್ಕೆ ಉತ್ತರದ ತೂಕ ಸಾಲುತ್ತದೆಯೋ ಎಂದು ನೋಡಲಿಕ್ಕೆ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು ಇಂಥ ಮಾತಿಗೇ ಹೆಸರಾದವರು. ಅರ್ಥಧಾರಿ ಇವತ್ತು ರಾಮನಾದರೆ ಮುಂದಿನ ವಾರ ವಾಲಿಯಾಗಬೇಕಾದೀತು. ಹಾಗಾಗಿ ಎದುರಿನ ಪಾತ್ರದ ನೋವು ಅವರಿಗೆ ಒಳಗಿನಿಂದ ಗೊತ್ತಿರುತ್ತದೆ. ತಾನು ಬಲವಾಗಿ ನಂಬಿದ ವಿಷಯವೊಂದನ್ನು ತೆಗೆದುಕೊಂಡು, ಅದರ ವಿರುದ್ಧ ಹತ್ತು ನಿಮಿಷ ಪ್ರಾಮಾಣಿಕವಾಗಿ ಅರ್ಥ ಹೇಳಲು ಬರುತ್ತದೆಯೇ ಎಂದು ಮನೆಯಲ್ಲಿ ಒಬ್ಬರೇ ಕೂತು ನೋಡಬೇಕು. ಬಾರದಿದ್ದರೆ ಆ ವಿಷಯದಲ್ಲಿ ಗುರುತಿಲ್ಲದವರ ಜೊತೆ ವಾದಕ್ಕೆ ಇಳಿಯುವ ಹೊತ್ತು ಇನ್ನೂ ಬಂದಿಲ್ಲ.

ಉಡುಪಿಗೆ ಇದಕ್ಕಿಂತ ಹಳೆಯ ಪಾಠವೊಂದು ಉಂಟು. ಮಧ್ವಾಚಾರ್ಯರು ವಾದದ ನಿಯಮಗಳಿಗೆಂದೇ ‘ಕಥಾಲಕ್ಷಣ’ ಎಂಬ ಚಿಕ್ಕ ಗ್ರಂಥ ಬರೆದರು. ‘ಕಥಾ’ ಎಂದರೆ ಇಲ್ಲಿ ಶಾಸ್ತ್ರಚರ್ಚೆ. ಅದರಲ್ಲಿ ಮೂರು ಬಗೆ: ತತ್ತ್ವ ತಿಳಿಯಬೇಕೆಂದು ನಡೆಯುವ ವಾದ, ಕೀರ್ತಿಗೋ ಪೈಪೋಟಿಗೋ ನಡೆಯುವ ಜಲ್ಪ, ತನ್ನ ನಿಲುವನ್ನು ಮುಂದಿಡದೆ ಎದುರಿನವರದನ್ನು ಒಡೆಯುವ ವಿತಂಡ. ತೀರ್ಪು ಹೇಳುವ ಪ್ರಾಶ್ನಿಕರು ರಾಗದ್ವೇಷ ಇಲ್ಲದವರಾಗಿರಬೇಕು, ಒಬ್ಬರೇ ಇರಬೇಕು ಇಲ್ಲವೇ ಬೆಸ ಸಂಖ್ಯೆಯಲ್ಲಿರಬೇಕು ಎಂಬ ನಿಯಮವೂ ಅಲ್ಲಿದೆ. ಇದು ಇವತ್ತಿಗೂ ನೇರವಾಗಿ ಒದಗುತ್ತದೆ. ಇಬ್ಬರೇ ಮೆಲ್ಲಗೆ ಮಾತಾಡುತ್ತಿದ್ದರೆ ಅದು ವಾದವಾಗಿ ಉಳಿಯುವ ಸಾಧ್ಯತೆ ಇದೆ. ಸುತ್ತ ನಾಲ್ಕು ಜನ ಕಿವಿಗೊಟ್ಟರೆ ಅದು ಜಲ್ಪವಾಗುತ್ತದೆ. ಆ ನಾಲ್ವರಲ್ಲಿ ಪ್ರಾಶ್ನಿಕರು ಯಾರೂ ಇರುವುದಿಲ್ಲ, ಆಗಲೇ ಪಕ್ಷ ವಹಿಸಿದವರೇ ಎಲ್ಲ. ಅವರ ಎದುರು ‘ಹೌದು, ಇದು ನನಗೆ ಗೊತ್ತಿರಲಿಲ್ಲ’ ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಜನ ಸೇರಿದರೆ ಸ್ವರ ಇಳಿಸಬೇಕು, ಇಲ್ಲವೇ ‘ಬನ್ನಿ, ಹೊರಗೆ ಒಂದು ಚಾ ಕುಡಿಯುವ’ ಎಂದು ಜಾಗ ಬದಲಿಸಬೇಕು.

ಜಾಗದ ವಿಷಯದಲ್ಲಿ ಇನ್ನೂ ಒಂದು ಮಾತು. ಎದ್ದು ಹೋಗಲು ಆಗದವರ ಜೊತೆ ವಾದ ಬೇಡ. ರಿಕ್ಷಾದವರು, ಹೋಟೆಲಿನಲ್ಲಿ ತಿಂಡಿ ತಂದುಕೊಡುವವರು, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವವರು, ಇವರೆಲ್ಲ ಗಿರಾಕಿಯ ಮಾತಿಗೆ ‘ಹೌದು’ ಎನ್ನಲೇಬೇಕಾದವರು. ಅವರ ಒಪ್ಪಿಗೆಯನ್ನು ಒಪ್ಪಿಗೆ ಎಂದು ಎಣಿಸುವುದು ಅನ್ಯಾಯ. ಮದುವೆ ಊಟದ ಪಂಕ್ತಿಯೂ ಒಳ್ಳೆಯ ಜಾಗವಲ್ಲ, ಎಲೆ ಬಿಟ್ಟು ಏಳಲು ಆಗುವುದಿಲ್ಲ.

ಮಾತು ಯಾವ ಭಾಷೆಯಲ್ಲಿ ಶುರುವಾಯಿತೋ ಅದರಲ್ಲೇ ಸಾಗಲಿ. ಮಂಗಳೂರಿನಲ್ಲಿ ಒಂದೇ ಬಸ್ಸಿನೊಳಗೆ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಎಲ್ಲ ಉಂಟು. ಮೂವರು ಮಾತಾಡುತ್ತಿರುವಾಗ ಇಬ್ಬರು ತಮ್ಮ ಮನೆಮಾತಿಗೆ ಹೊರಳಿದರೆ ಮೂರನೆಯವರಿಗೆ ಬಾಗಿಲು ಮುಚ್ಚಿದಂತೆ. ಆಮೇಲೆ ಎಷ್ಟು ಸರಿಯಾದ ಮಾತನ್ನು ಕನ್ನಡದಲ್ಲಿ ಹೇಳಿದರೂ ಅವರಿಗೆ ಅದು ‘ಎಂಕುಲು’ ಆಡಿದ ಮಾತಾಗಿಯೇ ಕೇಳುತ್ತದೆ. ಹಾಗೆಯೇ ವಾದದ ನಡುವೆ ಹೆಸರು ಕೇಳಬಾರದು. ‘ಊರು ಯಾವುದು, ಮನೆ ಎಲ್ಲಿ ಆಯ್ತು’ ಎಂಬ ಪ್ರಶ್ನೆ ನಮ್ಮ ಕಡೆ ಸ್ನೇಹದ್ದೇ. ಆದರೆ ಬಿಸಿ ಏರಿದ ಮೇಲೆ ಕೇಳಿದರೆ ಅದು ಜಾತಿ, ಧರ್ಮ ಹುಡುಕುವ ಪ್ರಶ್ನೆ. ಶೆಟ್ಟಿ, ಭಟ್, ಪೈ, ಡಿಸೋಜ, ಯಾವ ಉತ್ತರ ಬಂದರೂ ಆಮೇಲೆ ವಾದ ಆ ಹೆಸರಿನ ಜೊತೆಗೇ ನಡೆಯುತ್ತದೆ.

ಇನ್ನು ಪ್ರಶ್ನೆಯನ್ನು ಚಿಕ್ಕದು ಮಾಡುವ ಕೆಲಸ. ಕಂಬಳವನ್ನೇ ನೋಡಿ. ‘ಕಂಬಳ ಕ್ರೂರ’ ಎನ್ನುವವರೂ ‘ಕಂಬಳ ನಮ್ಮ ಸಂಸ್ಕೃತಿ’ ಎನ್ನುವವರೂ ಅರ್ಧ ಗಂಟೆ ಕೂಗಾಡಬಹುದು, ಒಬ್ಬರ ಮಾತಿಗೆ ಇನ್ನೊಬ್ಬರದು ಉತ್ತರವೇ ಅಲ್ಲ. ಒಬ್ಬರದು ಕೋಣದ ಮಾತು, ಇನ್ನೊಬ್ಬರದು ಮನುಷ್ಯರ ಮಾತು. ಇದನ್ನು ಬಿಡಿಸಬೇಕು. ಕಣ್ಣಿಗೆ ಕಾಣುವ ಸಂಗತಿ ಏನು? ಓಟ ಶುರುವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗೆ ಒಂದು ಓಟದಲ್ಲಿ ಕೋಣದ ಮೇಲೆ ಬೆತ್ತ ಎಷ್ಟು ಸಲ ಬೀಳುತ್ತದೆ, ಅದನ್ನು ತಡೆಯುವವರು ಇದ್ದಾರೆಯೇ? ಇದನ್ನು ಕರೆಯ, ಅಂದರೆ ಕೋಣ ಓಡುವ ಕೆಸರಿನ ಹಾದಿಯ, ಬದಿಯಲ್ಲಿ ನಿಂತು ಎಣಿಸಬಹುದು. ಕಾನೂನು ಏನು ಹೇಳುತ್ತದೆ? 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಷೇಧಿಸಿದ ಮೇಲೆ ಕಂಬಳಕ್ಕೂ ಕಷ್ಟ ಬಂತು. 2017ರಲ್ಲಿ ಕರ್ನಾಟಕ ತನ್ನ ಮಟ್ಟಿಗೆ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಯ ಜೊತೆ ಇದನ್ನೂ ಎತ್ತಿಹಿಡಿಯಿತು. ಇದು ಅಭಿಪ್ರಾಯವಲ್ಲ, ತೆರೆದು ಓದಬಹುದಾದದ್ದು. ಇವೆರಡನ್ನೂ ಪಕ್ಕಕ್ಕಿಟ್ಟ ಮೇಲೆ ಉಳಿಯುವುದು ಯಾವುದು ಸರಿ ಎಂಬ ಪ್ರಶ್ನೆ. ನಿಜವಾದ ಭಿನ್ನಾಭಿಪ್ರಾಯ ಇರುವುದು ಅಲ್ಲಿ, ಮನುಷ್ಯರು ಪರಸ್ಪರ ಗೌರವದಿಂದ ಬೇರೆಯಾಗಬಹುದಾದದ್ದೂ ಅಲ್ಲೇ.

‘ಸಂಸ್ಕೃತಿ’ ಎಂಬ ಮಾತನ್ನೂ ಬಿಡಿಸದೆ ಒಪ್ಪಬಾರದು, ಬಿಡಿಸದೆ ತಳ್ಳಲೂಬಾರದು. ಕಂಬಳದ ಹಿಂದಿನ ರಾತ್ರಿ ಕರಾವಳಿಯ ಆದಿವಾಸಿಗಳಾದ ಕೊರಗರನ್ನು ಡೋಲು ಬಾರಿಸುತ್ತಾ ಚಳಿಯಲ್ಲಿ ಕೂರಿಸುತ್ತಿದ್ದ ‘ಪನಿಕುಲ್ಲುನು’ ಕೂಡ ಸಂಪ್ರದಾಯವೆಂದೇ ನಡೆದುಬಂದದ್ದು. ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2000ರಲ್ಲಿ ಬಂತು. ಕಂಬಳವನ್ನು ಪ್ರೀತಿಸುವವರಿಗೆ ಇದನ್ನು ಬಾಯಿ ಮುಚ್ಚಿಸುವ ಅಸ್ತ್ರವಾಗಿ ಎಸೆದರೆ ಏನೂ ಆಗುವುದಿಲ್ಲ. ‘ಸಂಪ್ರದಾಯದಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನೀವು ಹೇಗೆ ನಿರ್ಧರಿಸುತ್ತೀರಿ?’ ಎಂದು ಕೇಳಿದರೆ, ಅವರ ಬಳಿ ನಿಜವಾಗಿ ಉತ್ತರ ಇರುತ್ತದೆ. ಎಷ್ಟೋ ಸಲ ಅದು ನಾವು ಎಣಿಸಿದ್ದಕ್ಕಿಂತ ಚೆನ್ನಾಗಿರುತ್ತದೆ.

ಸಂಖ್ಯೆಗಳ ವಿಷಯದಲ್ಲಿ, ಘಟ್ಟದ ಹೊಳೆಗಳ ನೀರನ್ನು ಕೋಲಾರದ ಕಡೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆ ಒಳ್ಳೆಯ ಪಾಠ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಸುಬ್ರಹ್ಮಣ್ಯ ರೋಡ್ ದಾಟಿ ಘಟ್ಟ ಹತ್ತುವಾಗ ಆ ಹೊಳೆಗಳ ಕಾಡುಗಳ ನಡುವೆಯೇ ಸಾಗುತ್ತದೆ. ಆ ಬೋಗಿಯಲ್ಲಿ ಕೋಲಾರದ ಕಡೆಯವರು ಎದುರು ಕೂತಿದ್ದರೆ ಈ ಮಾತು ಬಾರದೆ ಇರದು. ‘ನೇತ್ರಾವತಿ ಬತ್ತಿಹೋಗುತ್ತದೆ’ ಎಂದು ಕರಾವಳಿಯವರು, ‘ಸಮುದ್ರಕ್ಕೆ ಹೋಗುವ ನೀರನ್ನು ಕುಡಿಯಲು ಕೊಡಲಿಕ್ಕೂ ನಿಮಗೆ ಮನಸ್ಸಿಲ್ಲವಾ’ ಎಂದು ಅವರು. ಆ ‘ನಿಮಗೆ’ ಆಗಲೇ ನಿಕುಲು. ಯೋಜನೆ ಲೆಕ್ಕ ಹಾಕಿರುವುದು 24.01 ಟಿಎಂಸಿ. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಈ ಸಂಖ್ಯೆಯನ್ನು ಎರಡೂ ಕಡೆಯವರು ಹೇಳುತ್ತಾರೆ, ಆದರೆ ಮೂರು ವಿಷಯ ಕೇಳುವುದೇ ಇಲ್ಲ: ಯಾವ ಜಾಗದಲ್ಲಿ ಅಳೆದದ್ದು, ಯಾವ ತಿಂಗಳುಗಳದ್ದು, ಯಾರು ಅಳೆದದ್ದು. ಯಾವ ಸಂಖ್ಯೆ ಬಂದರೂ ಈ ಮೂರನ್ನು ಕೇಳಬೇಕು, ತನ್ನ ಪರವಾಗಿರುವ ಸಂಖ್ಯೆಗೆ ಮೊದಲು ಕೇಳಬೇಕು. ಯೋಜನೆಯವರು ಹೇಳುವುದು ಮಳೆಗಾಲದ ನೀರಿನ ಮಾತು. ಹಾಗಿದ್ದರೆ ಕರಾವಳಿಯವರ ತಕರಾರು ಬೇಸಿಗೆಯ ನೀರಿನದ್ದೋ, ಘಟ್ಟದ ಕಾಡು ಕಡಿದು ಗುಡ್ಡ ಅಗೆದದ್ದರದ್ದೋ, ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ತರುವ ನೀರು ಕಡಿಮೆಯಾಗಿ ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿಗೆ ಏನಾಗುತ್ತದೆ ಎಂಬುದರದ್ದೋ? ಮೂರೂ ಬೇರೆ ಪ್ರಶ್ನೆಗಳು, ಬೇರೆ ಬೇರೆ ಪುರಾವೆ ಬೇಕು. ಒಂದನ್ನು ಆರಿಸಿಕೊಂಡು ಹೇಳಿದರೆ ಎದುರಿನವರು ಕೇಳುತ್ತಾರೆ. ಮತ್ತೆ ಅವರ ಕಡೆಯದನ್ನೂ ಬಾಯಿಬಿಟ್ಟು ಹೇಳಬೇಕು: ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ, ಕೋಲಾರದಲ್ಲಿ 700 ಮಿ.ಮೀ. ಆಸುಪಾಸು. ಅಲ್ಲಿ ಸಾವಿರ ಅಡಿ ಕೊರೆದರೂ ಬರುವ ನೀರಿನಲ್ಲಿ ಫ್ಲೋರೈಡ್. ಇದನ್ನು ನಾವಾಗಿ ಹೇಳಿದರೆ ಅವರು ಅದನ್ನು ಕೂಗಿ ಹೇಳಬೇಕಾದ ಅಗತ್ಯ ತಪ್ಪುತ್ತದೆ.

ಹೀಗೆ ಎದುರಿನವರ ಮಾತನ್ನು ತಾನು ಹೇಳಿ ತೋರಿಸುವುದು ಬರೀ ಸೌಜನ್ಯವಲ್ಲ. ನಮ್ಮ ಹಳೆಯ ತರ್ಕದ ಶಾಸ್ತ್ರವಾದ ನ್ಯಾಯಶಾಸ್ತ್ರದಲ್ಲಿ ವಾದಿ ಸೋತನೆಂದು ತೀರ್ಮಾನಿಸಲು 22 ನಿಗ್ರಹಸ್ಥಾನಗಳಿವೆ. ಅವುಗಳಲ್ಲಿ ಒಂದು ‘ಅನನುಭಾಷಣ’: ಎದುರಿನವರು ಮೂರು ಸಲ ಹೇಳಿ, ಸಭೆಗೂ ಅರ್ಥವಾದ ಮಾತನ್ನು ತಿರುಗಿ ಹೇಳಲು ಆಗದಿರುವುದು. ಉತ್ತರ ಕೊಡುವ ಮಾತು ಆಮೇಲೆ, ಪ್ರಶ್ನೆಯನ್ನು ಹೇಳಲು ಬಾರದಿದ್ದರೇ ಸೋಲು. ಇದನ್ನು ಮಾಡುವ ಕ್ರಮ ಸರಳ. ‘ನೀವು ಹೇಳಿದ್ದು ಇಷ್ಟು ಅಂತ ನನಗೆ ಗೊತ್ತಾಯಿತು, ಸರಿ ಉಂಟಾ?’ ಎಂದು ಕೇಳಿ, ಅವರು ‘ಹೌದು, ಅದೇ’ ಎನ್ನುವವರೆಗೆ ತನ್ನ ಮಾತು ಶುರುಮಾಡಬಾರದು. ಸಾಮಾನ್ಯವಾಗಿ ಮೊದಲ ಸಲಕ್ಕೆ ‘ಹಾಗಲ್ಲ ಮಾರಾಯ್ರೆ’ ಎಂದೇ ಬರುತ್ತದೆ, ಎರಡನೆಯ ಸಲಕ್ಕೆ ಅವರೇ ತಮ್ಮ ಮಾತನ್ನು ತಿದ್ದಿ ಸಣ್ಣದು ಮಾಡುತ್ತಾರೆ. ಇಲ್ಲಿ ತಪ್ಪುವುದು ಎಲ್ಲಿ ಎಂದರೆ, ತಿರುಗಿ ಹೇಳುವಾಗ ಒಂದು ಕೊಂಕು ಸೇರಿಸುವುದರಲ್ಲಿ. ‘ಅಂದರೆ ಹೆಂಗಸರು ಮನೆಯಲ್ಲೇ ಇರಬೇಕು ಅಂತ ನಿಮ್ಮ ಮಾತು’ ಎಂದರೆ ಅದು ಅನುಭಾಷಣವಲ್ಲ, ಆರೋಪ.

ಇನ್ನೊಂದು ನಿಗ್ರಹಸ್ಥಾನ ‘ಅರ್ಥಾಂತರ’, ಹಿಡಿದ ವಿಷಯ ಬಿಟ್ಟು ಬೇರೆಗೆ ಹಾರುವುದು. ‘ಅದು ಬಿಡಿ, ಆವಾಗ ನೀವೆಲ್ಲ ಎಲ್ಲಿದ್ದಿರಿ?’ ಎಂಬುದು ಇವತ್ತಿನ ಅದರ ರೂಪ. ಇದಕ್ಕೆ ಉತ್ತರ ಕೊಡಲು ಹೊರಟರೆ ಮುಗಿಯಿತು, ಅಂಥ ‘ಆವಾಗ’ಗಳಿಗೆ ಕೊನೆ ಇಲ್ಲ. ಗದರಿಸಿದರೂ ಕೆಲಸ ಕೆಡುತ್ತದೆ, ಏಕೆಂದರೆ ಆ ಮಾತಿನ ಒಳಗೆ ಬಹಳ ಸಲ ನಿಜವಾದ ನೋವಿರುತ್ತದೆ. ‘ಅದೂ ತಪ್ಪೇ. ಅದನ್ನು ಮಾತಾಡುವ, ಇದು ಒಂದು ಮುಗಿಯಲಿ’ ಎಂದು ಹೇಳಿ, ಮಾತು ಮುಗಿದ ಮೇಲೆ ನಿಜವಾಗಿ ಅದಕ್ಕೆ ಮರಳಬೇಕು. ಮರಳದಿದ್ದರೆ ಅದು ಮೋಸ.

ಧರ್ಮದ ವಿಷಯಗಳು ಬಂದಾಗ ಎದುರಿನವರು ದಡ್ಡರು ಅಥವಾ ದುಷ್ಟರು ಎಂಬ ಭಾವನೆ ಬಲವಾಗಿ ಏಳುತ್ತದೆ. ಆಗ ಹಿಜಾಬ್ ಪ್ರಕರಣದ ಒಂದು ಸಂಗತಿಯನ್ನು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು. ಉಡುಪಿಯ ಕಾಲೇಜಿನಿಂದ ಎದ್ದ ವಿವಾದ ರಾಜ್ಯವನ್ನೆಲ್ಲ ಹಬ್ಬಿತು. 2022ರ ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಸಮವಸ್ತ್ರದ ಬಗೆಗಿನ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಇಬ್ಭಾಗವಾಯಿತು. ನ್ಯಾಯಮೂರ್ತಿ ಹೇಮಂತ್ ಗುಪ್ತ ಮೇಲ್ಮನವಿಗಳನ್ನು ವಜಾ ಮಾಡಿದರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವುಗಳನ್ನು ಒಪ್ಪಿದರು. ಒಂದೇ ಕಡತ, ಅದೇ ವಕೀಲರು, ಅದೇ ಸಂವಿಧಾನ. ಇಬ್ಬರು ನ್ಯಾಯಮೂರ್ತಿಗಳು ಅಕ್ಕಪಕ್ಕ ಕೂತು ಎಲ್ಲ ಕೇಳಿ ಎರಡು ಕಡೆಗೆ ಹೋದರು. ಅವರ ಪ್ರಶ್ನೆಗಳೇ ಬೇರೆಯಾಗಿದ್ದವು. ಹಿಜಾಬ್ ಧರ್ಮದ ಅತ್ಯಗತ್ಯ ಆಚರಣೆಯೇ ಎಂಬುದೇ ಇಲ್ಲಿ ಬೇಕಿಲ್ಲದ ಪ್ರಶ್ನೆ, ಅದು ಕೊನೆಗೆ ಆಯ್ಕೆಯ ವಿಷಯ ಎಂದರು ಧುಲಿಯಾ. ಬಸ್ಸಿನಲ್ಲಿ ಪಕ್ಕ ಕೂತವರು ನಮಗಿಂತ ಬೇರೆ ತೀರ್ಮಾನಕ್ಕೆ ಬಂದಿದ್ದರೆ, ಅವರು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರಬಹುದೇ ಎಂದು ಮೊದಲು ನೋಡಬೇಕು.

ಭಯದ ಮಾತು ಬಂದರೆ ಕ್ರಮ ಬೇರೆ. ‘ನಮ್ಮ ಮಕ್ಕಳನ್ನು ಆ ರಸ್ತೆಯಲ್ಲಿ ಕಳಿಸಲು ಹೆದರಿಕೆ’ ಎಂದು ಯಾರಾದರೂ ಹೇಳಿದರೆ, ಯಾವ ಧರ್ಮದವರೇ ಆಗಿರಲಿ, ಅಂಕಿಅಂಶ ತೆಗೆಯಬಾರದು. ‘ಯಾವ ರಸ್ತೆ? ಯಾವಾಗ? ಎಂತ ಆಯ್ತು?’ ಎಂದು ಕೇಳಬೇಕು. ದಿನ, ಜಾಗ ಇರುವ ಭಯ ಒಂದು, ಕೇಳಿ ಬಂದ ಭಯ ಇನ್ನೊಂದು. ಹೇಳುತ್ತಾ ಹೋದಂತೆ ಹೇಳುವವರಿಗೇ ಅದು ಬೇರ್ಪಡುತ್ತದೆ. ಇಲ್ಲಿ ಒಳ್ಳೆಯ ಮನಸ್ಸಿನವರು ಮಾಡುವ ತಪ್ಪೊಂದಿದೆ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಬಪ್ಪ ಬ್ಯಾರಿ ಕಟ್ಟಿಸಿದರು ಎಂಬ ಐತಿಹ್ಯವನ್ನು ತಕ್ಷಣ ಮುಂದಿಡುತ್ತಾರೆ. ಅದು ಕರಾವಳಿ ಹೆಮ್ಮೆಪಡಬೇಕಾದ ಕತೆ. ಆದರೆ ನಿನ್ನೆಯ ಭಯ ಹೇಳಿಕೊಂಡವರಿಗೆ ಶತಮಾನಗಳ ಹಿಂದಿನ ಸೌಹಾರ್ದ ಹೇಳಿದರೆ ಅದೂ ಅರ್ಥಾಂತರವೇ. ಮೊದಲು ಭಯವನ್ನು ಪೂರ್ತಿ ಕೇಳಿಸಿಕೊಳ್ಳಬೇಕು.

ಫೋನ್ ತೆಗೆದು ವಿಡಿಯೊ ತೋರಿಸಿದರೆ, ಅದನ್ನು ನೋಡಿ ಕೂಡಲೇ ‘ಸುಳ್ಳು’ ಎನ್ನುವುದು ಬೇಡ. ‘ಒಮ್ಮೆ ನಿಲ್ಲಿಸಿ ನೋಡುವ’ ಎಂದು ಇಬ್ಬರೂ ಸೇರಿ ನೋಡಿ: ಅಂಗಡಿಯ ಬೋರ್ಡು ಯಾವ ಲಿಪಿ, ವಾಹನದ ನಂಬರು ಮಂಗಳೂರಿನ ಕೆಎ 19, ಉಡುಪಿಯ ಕೆಎ 20 ಉಂಟೋ ಬೇರೆ ರಾಜ್ಯದ್ದೋ, ಬಸ್ಸಿನ ಬಣ್ಣ, ಹಿಂದೆ ಕೇಳುವ ಭಾಷೆ. ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿನಲ್ಲಿ ಹಾಕಿದರೆ ಹಳೆಯ ಸುದ್ದಿ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಅವರ ಕೈಯಲ್ಲೇ, ಅವರ ಫೋನಿನಲ್ಲೇ ಇದು ನಡೆಯಬೇಕು. ವಿಡಿಯೊ ನಿಜವೇ ಎಂದು ಕಂಡರೆ ಹಾಗೆಂದು ಹೇಳಬೇಕು.

ಯಾವಾಗ ನಿಲ್ಲಿಸುವುದು? ತಾಳಮದ್ದಳೆಯಲ್ಲಿ ಮಾತು ಹಳಿ ತಪ್ಪಿದರೆ, ಉದ್ದವಾದರೆ, ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಅಲ್ಲಿಗೆ ಆ ವಾದ ನಿಲ್ಲುತ್ತದೆ, ಯಾರೂ ಸೋತಂತಾಗುವುದಿಲ್ಲ. ರಸ್ತೆಯಲ್ಲಿ ಭಾಗವತರಿಲ್ಲ, ಪದ್ಯ ತಾನೇ ಎತ್ತಬೇಕು. ‘ನೀವು’ ಹೋಗಿ ‘ನೀನು’ ಬಂದಾಗ, ಒಂದೇ ವಾಕ್ಯ ಮೂರನೆಯ ಸಲ ಬಂದಾಗ, ಯಾರಾದರೂ ಫೋನ್ ಎತ್ತಿ ರೆಕಾರ್ಡ್ ಮಾಡಲು ತೊಡಗಿದಾಗ ಎತ್ತಲೇಬೇಕು. ‘ನೀವು ಹೇಳಿದ್ದರಲ್ಲಿ ಇದೊಂದು ನನಗೆ ಗೊತ್ತಿರಲಿಲ್ಲ, ನೋಡಿಕೊಳ್ಳುತ್ತೇನೆ’ ಎಂದು ಒಂದನ್ನು ಹೆಸರಿಸಿ ಹೇಳುವುದು ಇಲ್ಲಿ ಒಳ್ಳೆಯದು. ಹೆಸರಿಸದೆ ‘ಸರಿ ಬಿಡಿ’ ಎಂದರೆ ಅದು ಬಾಗಿಲು ಬಡಿದಂತೆ ಕೇಳುತ್ತದೆ.

ವಾದವೇ ಅಲ್ಲದ ಸಂದರ್ಭಗಳೂ ಕರಾವಳಿಯಲ್ಲಿ ಬರುತ್ತವೆ. ಬೇರೆ ಧರ್ಮದ ಹುಡುಗ ಹುಡುಗಿ ಒಟ್ಟಿಗೆ ಕೂತಿದ್ದಾರೆ ಎಂದು ನಾಲ್ವರು ಬಂದು ಹೆಸರು, ಐಡಿ ಕಾರ್ಡು ಕೇಳಿದರೆ, ಆ ನಾಲ್ವರ ಜೊತೆ ಸಂವಿಧಾನದ ಚರ್ಚೆಗೆ ಹೋಗಬಾರದು. ಅದು ಅವರಿಗೆ ಸಭೆ ಕೊಟ್ಟಂತೆ. ಹೋಗಿ ಆ ಮಕ್ಕಳ ಪಕ್ಕ ನಿಂತು, ಅವರ ಜೊತೆಗೇ ಮಾತಾಡಬೇಕು: ‘ಎಲ್ಲಿಗೆ ಹೋಗಬೇಕು ಮಕ್ಕಳೇ, ಬಸ್ಸು ಎಷ್ಟು ಗಂಟೆಗೆ?’ ಇನ್ನೊಬ್ಬರು ಅಂಗಡಿಯವರನ್ನೋ ಕಂಡಕ್ಟರನ್ನೋ ಕರೆಯಲಿ, ಮತ್ತೊಬ್ಬರು 112ಕ್ಕೆ ಫೋನ್ ಮಾಡಿ ಜಾಗದ ಗುರುತು ಹೇಳಲಿ. ಅವರಿಬ್ಬರು ಅಲ್ಲಿಂದ ಸುರಕ್ಷಿತವಾಗಿ ಹೊರಡುವವರೆಗೆ ಅಭಿಪ್ರಾಯಗಳ ಮಾತೇ ಬೇಡ.

ವಾದ ಮುಗಿಸಿ ಇಳಿದ ಮೇಲೆ ‘ನೋಡಿಕೊಳ್ಳುತ್ತೇನೆ’ ಎಂದದ್ದನ್ನು ಅದೇ ಸಂಜೆ ನೋಡಬೇಕು. ತೀರ್ಪಾದರೆ ಕೋರ್ಟಿನ ಜಾಲತಾಣದಲ್ಲಿ ಸಿಗುತ್ತದೆ, ಕಾಯ್ದೆಯಾದರೆ ರಾಜ್ಯಪತ್ರದಲ್ಲಿ. ಅವರು ಹೇಳಿದ್ದೇ ಸರಿ ಎಂದು ಕಂಡರೆ ತಿಳಿಸಲು ಅವರ ವಿಳಾಸ ಇಲ್ಲ. ಆದರೆ ಆ ವಾದ ಕೇಳಿದ ಮೂರನೆಯವರು, ಪಡುಬಿದ್ರಿಯಲ್ಲಿ ಹತ್ತಿ ಕಾಪುವಿನಲ್ಲಿ ಇಳಿಯುವ ಅಕ್ಕ, ಬಾಗಿಲಲ್ಲಿ ನಿಂತ ಕಂಡಕ್ಟರ್, ನಾಳೆಯೂ ಅದೇ ಬಸ್ಸಿನಲ್ಲಿ ಇರುತ್ತಾರೆ. ‘ನಿನ್ನೆ ಅವರು ಹೇಳಿದ್ದು ಸರಿ ಉಂಟು, ನಾನೇ ತಪ್ಪು ತಿಳಿದಿದ್ದೆ’ ಎಂದು ಅವರಿಗೆ ಹೇಳಬಹುದು.